ಯಾವ ಕಾಮಾಲೆ? ನೆಲನೆಲ್ಲಿಯ ಬಗ್ಗೆ ಒಂದು ಸಂಜೆಯ ಮಾತು

ಜುಲೈ ತಿಂಗಳ ಒಂದು ಭಾನುವಾರ ಸಂಜೆ ನಮ್ಮೂರಿನ ಗ್ರಂಥಾಲಯದಲ್ಲಿ ಆಡಿದ ಮಾತುಗಳಿವು. ಹುಡುಗರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಅದನ್ನು ಕೇಳಿಕೊಂಡು, ಮಾತಿನಲ್ಲಿ ಹಿಂದುಮುಂದಾದದ್ದನ್ನು ಸರಿಮಾಡಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷವಾಯಿತು.

ಒಳಗೆ ಬರುವಾಗ ಎಲ್ಲರ ಕೈಗೂ ಒಂದೊಂದು ಗಿಡ ಕೊಟ್ಟಿದ್ದಾರೆ. ಬೇರು ಸಮೇತ ಇದೆ. ಬೆಳಿಗ್ಗೆ ನಮ್ಮ ಅಡಿಕೆ ತೋಟದ ಬದಿಯಲ್ಲಿ ಕಿತ್ತದ್ದು. ಹೆಸರು ನಿಮಗೆಲ್ಲ ಗೊತ್ತು. ಆದರೂ ಒಮ್ಮೆ ಅದನ್ನು ಮಗುಚಿ ಹಿಡಿಯಿರಿ. ಕಡ್ಡಿಯ ಅಡಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಹಸಿರು ಮಣಿಗಳು ಕಾಣುತ್ತಿವೆ ಅಲ್ವಾ? ಬೆಟ್ಟದ ನೆಲ್ಲಿಕಾಯಿ ಸಾಸಿವೆಯಷ್ಟಾದರೆ ಹೇಗಿರುತ್ತದೋ ಹಾಗೆ. ಅದಕ್ಕೇ ಇದು ನೆಲನೆಲ್ಲಿ. ತಮಿಳಿನಲ್ಲಿ ಕೀಳಾನೆಲ್ಲಿ, ಅಂದರೆ ಕೆಳಗೆ ಕಾಯಿ ಬಿಡುವ ನೆಲ್ಲಿ. ತೆಲುಗಿನಲ್ಲಿ ನೇಲ ಉಸಿರಿ. ಸಂಸ್ಕೃತದಲ್ಲಿ ಭೂಮ್ಯಾಮಲಕಿ. ಯಾವ ಭಾಷೆಯವರು ನೋಡಿದರೂ ಮೊದಲು ಕಣ್ಣಿಗೆ ಬಿದ್ದದ್ದು ನೆಲ್ಲಿಯೇ.

ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವನು ನಾನು. ಈ ಹೆಸರಿನ ವಿಷಯ ಹೇಳುವಾಗ ಪ್ರತಿ ವರ್ಷವೂ ನನಗೆ ಖುಷಿಯಾಗುತ್ತಿತ್ತು. ಏಕೆಂದರೆ ನಮ್ಮ ಹಳ್ಳಿಯವರು ಹೇಳಿದ್ದು ಸರಿಯಾಗಿಯೇ ಇದೆ. ಬೆಟ್ಟದ ನೆಲ್ಲಿ ದೊಡ್ಡ ಮರ. ಇದು ಒಂದು ಗೇಣು, ಹೆಚ್ಚೆಂದರೆ ಒಂದು ಮೊಳ ಎತ್ತರದ ಕಳೆ. ಆದರೂ ವಿಜ್ಞಾನದ ಪ್ರಕಾರ ಎರಡೂ ಒಂದೇ ಕುಲ, ಫಿಲಾಂತಸ್. ನೆಲ್ಲಿ ಮರ ಫಿಲಾಂತಸ್ ಎಂಬ್ಲಿಕಾ, ನಿಮ್ಮ ಕೈಯಲ್ಲಿರುವುದು ಫಿಲಾಂತಸ್ ಅಮಾರಸ್. ಅಮಾರಸ್ ಅಂದರೆ ಲ್ಯಾಟಿನ್ನಿನಲ್ಲಿ ಕಹಿ. ಫಿಲಾಂತಸ್ ಅಂದರೆ ಗ್ರೀಕಿನಲ್ಲಿ ಎಲೆ-ಹೂ.

ಎಲೆಯ ಮೇಲೆ ಹೂ ಬರುತ್ತದೆಯೇ? ಇಲ್ಲ. ಇಲ್ಲಿ ಗಿಡ ನಮ್ಮ ಕಣ್ಣನ್ನು ಸ್ವಲ್ಪ ಮೋಸ ಮಾಡುತ್ತದೆ. ಹುಣಸೆಯ ಎಲೆ ನೆನಪು ಮಾಡಿಕೊಳ್ಳಿ. ಒಂದು ಕಡ್ಡಿ, ಎರಡೂ ಕಡೆ ಚೂರು ಚೂರು ಎಲೆ. ಅಲ್ಲಿ ಆ ಇಡೀ ಕಡ್ಡಿಯೇ ಒಂದು ಎಲೆ. ನೆಲನೆಲ್ಲಿಯೂ ಹಾಗೇ ಕಾಣುತ್ತದೆ, ಆದರೆ ಇಲ್ಲಿ ಕಡ್ಡಿ ಅನ್ನುವುದು ಒಂದು ಪುಟ್ಟ ಕೊಂಬೆ, ಪ್ರತಿ ಚೂರೂ ಪೂರ್ತಿ ಎಲೆ. ಹೇಗೆ ಗೊತ್ತು? ಎಲೆ ಇದ್ದರೆ ಅದರ ಕಂಕುಳಲ್ಲಿ ಮೊಗ್ಗು ಬರಬೇಕು. ಹುಣಸೆಯ ಚೂರುಗಳ ಬುಡದಲ್ಲಿ ಏನೂ ಬರುವುದಿಲ್ಲ. ಇಲ್ಲಿ ನೋಡಿ, ಪ್ರತಿ ಎಲೆಯ ಬುಡದಲ್ಲೂ ಹೂವೋ ಕಾಯಿಯೋ ಇದೆ. ಕಾಯಿ ಬಲಿತು ಒಣಗಿದಾಗ ಪಟ್ಟನೆ ಸಿಡಿಯುತ್ತದೆ. ಒಂದೊಂದರಲ್ಲಿ ಆರು ಬೀಜ. ಒಂದು ಮಳೆಗಾಲದಲ್ಲಿ ಒಂದು ಗಿಡ ಇದ್ದ ಜಾಗದಲ್ಲಿ ಮುಂದಿನ ಮಳೆಗೆ ಚಾಪೆ ಹಾಸಿದ ಹಾಗೆ ಗಿಡಗಳು ಏಳುವುದು ಹೀಗೆ. ಇನ್ನೊಂದು ವಿಷಯ. ಕತ್ತಲಾಗುತ್ತಾ ಬಂದ ಹಾಗೆ ಇದರ ಎಲೆಗಳು ಎರಡೂ ಕಡೆಯಿಂದ ಮಡಚಿಕೊಳ್ಳುತ್ತವೆ. ಸಂಜೆ ಏಳಕ್ಕೆ ಟಾರ್ಚ್ ಹಿಡಿದು ಹುಡುಕಿದರೆ ಗುರುತೇ ಸಿಗುವುದಿಲ್ಲ. ಗಿಡ ಬೇಕಾದವರು ಬೆಳಿಗ್ಗೆಯೇ ಹೋಗಿ.

ಗುರುತಿನ ವಿಷಯದಲ್ಲಿ ಒಂದು ಎಚ್ಚರಿಕೆ. ಕಾಂಡ ಮುರಿದು ನೋಡಿ. ಬಿಳಿ ಹಾಲು ಬಂದರೆ ಅದು ನೆಲನೆಲ್ಲಿ ಅಲ್ಲ, ಬಿಟ್ಟುಬಿಡಿ. ಹಾಲು ಬರುವ ಕಳೆಗಳು ಬೇರೆ ಇವೆ, ಕೆಲವು ದೂರದಿಂದ ಹೀಗೇ ಕಾಣುತ್ತವೆ. ಕಾಂಡ ಕೆಂಪಾಗಿದ್ದು, ಕಾಯಿಯ ಮೈ ಒರಟಾಗಿ, ತೊಟ್ಟೇ ಇಲ್ಲದೆ ಕಡ್ಡಿಗೆ ಅಂಟಿಕೊಂಡ ಹಾಗಿದ್ದರೆ ಅದು ಇದರ ತಂಗಿ, ಫಿಲಾಂತಸ್ ಯೂರಿನೇರಿಯಾ. ನಮ್ಮ ಗಿಡದ ಕಾಯಿ ನುಣುಪು, ಅದಕ್ಕೆ ಪುಟ್ಟ ತೊಟ್ಟಿದೆ. ಹೂವಿನ ದಳದಂತಹ ಭಾಗಗಳನ್ನು ಲೆನ್ಸ್ ಇಟ್ಟು ಎಣಿಸಿದರೆ ಐದು. ಕೆಲವು ತಂಗಿಯರಿಗೆ ಆರು.

ಇದೆಲ್ಲ ಪರೀಕ್ಷೆಗೆ ಓದುವವರಿಗೆ ಬೇಕಾದ ವಿಷಯ ಅಂದುಕೊಳ್ಳಬೇಡಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ದಕ್ಷಿಣ ಭಾರತದ ಗ್ರಂಥಿಗೆ ಅಂಗಡಿಗಳಿಂದ ಒಣಗಿದ ನೆಲನೆಲ್ಲಿಯನ್ನು ಕೊಂಡು ಡಿಎನ್‌ಎ ಮಟ್ಟದಲ್ಲಿ ಪರೀಕ್ಷೆ ಮಾಡಿದ್ದರು. 2010ರಲ್ಲಿ ಅದು ಪ್ರಕಟವಾಯಿತು. ಸುಮಾರು ಮುಕ್ಕಾಲು ಪಾಲು ಅಂಗಡಿಗಳಲ್ಲಿ ಇದ್ದದ್ದು ಈ ಗಿಡವೇ. ಉಳಿದ ಕಾಲು ಪಾಲಿನಲ್ಲಿ ಬೇರೆ ಐದು ಜಾತಿಗಳು ಬೆರೆತಿದ್ದವು. ಕೀಳುವವರು ಬೇಕೆಂದು ಹಾಗೆ ಮಾಡುವುದಿಲ್ಲ. ಗದ್ದೆ ಬದುವಿನಲ್ಲಿ ಎಲ್ಲವೂ ಒಟ್ಟಿಗೇ ಬೆಳೆದಿರುತ್ತವೆ, ಕೈಗೆ ಬಂದದ್ದು ಚೀಲಕ್ಕೆ ಹೋಗುತ್ತದೆ. ಆದರೆ ಫಿಲಾಂತಿನ್ ಅನ್ನುವ ಕಹಿ ಅಂಶ ಅಮಾರಸ್‌ನಲ್ಲಿ ಇರುವಷ್ಟು ಬೇರೆಯವುಗಳಲ್ಲಿ ಇಲ್ಲ. ಮದ್ದು ಒಂದೇ ಅಂದುಕೊಂಡು ನಾವು ಬೇರೆ ಬೇರೆ ಗಿಡ ಕುಡಿಯುತ್ತಿರಬಹುದು.

ಇರಲಿ. ಈಗ ಕಾಮಾಲೆಗೆ ಬರೋಣ. ನೀವೆಲ್ಲ ಅದಕ್ಕೇ ಬಂದಿದ್ದೀರಿ.

ನನಗೆ ಹನ್ನೊಂದು ವರ್ಷ ಇದ್ದಾಗ ಕಾಮಾಲೆ ಆಗಿತ್ತು. ಮಳೆಗಾಲ. ಬಾವಿ ತುಂಬಿ ಅಂಗಳದ ನೀರು ಸೇರಿದ ವರ್ಷ. ಮೊದಲು ಜ್ವರ, ವಾಂತಿ, ಊಟ ಕಂಡರೆ ಆಗದು. ನಾಲ್ಕೈದು ದಿನದಲ್ಲಿ ಕಣ್ಣು ಹಳದಿ, ಮೂತ್ರ ಕಾಫಿ ಡಿಕಾಕ್ಷನ್ ಹಾಗೆ. ನಮ್ಮ ಅಜ್ಜಿ ಮುಖ ನೋಡಿದವರೇ ಕೊಡೆ ಹಿಡಿದು ತೋಟಕ್ಕೆ ಇಳಿದರು. ಒಂದು ಹಿಡಿ ನೆಲನೆಲ್ಲಿ ಕಿತ್ತು ತಂದರು. ಬೇರಿನ ಮಣ್ಣು ಹೋಗುವ ತನಕ ತೊಳೆದು, ಜೀರಿಗೆ ಸೇರಿಸಿ ಒರಳಲ್ಲಿ ಅರೆದು, ಕಡೆದ ಮಜ್ಜಿಗೆಯಲ್ಲಿ ಕಲಸಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ. ಹೀಗೆ ಏಳು ದಿನ. ಪಥ್ಯವೂ ಗಟ್ಟಿ. ಎಣ್ಣೆ ಇಲ್ಲ, ಮೆಣಸು ಇಲ್ಲ, ಗಂಜಿ ಮತ್ತು ನೀರು ಮಜ್ಜಿಗೆ. ಅರಿಶಿನವನ್ನೂ ಬಿಡಿಸಿದ್ದರು, ಅದು ಹಳದಿ ಅಂತ. ಆ ಕಹಿ ಈಗಲೂ ನಾಲಿಗೆಯಲ್ಲಿದೆ. ಮೂರು ವಾರದಲ್ಲಿ ನಾನು ಮತ್ತೆ ಶಾಲೆಗೆ ಹೋದೆ.

ಇಲ್ಲಿ ಕೂತಿರುವ ಅರ್ಧ ಜನರ ಮನೆಯಲ್ಲಿ ಇದೇ ಕಥೆ ಇದೆ. ಕೆಲವರ ಮನೆಯಲ್ಲಿ ಮಜ್ಜಿಗೆಯ ಬದಲು ಹಾಲು. ಕೆಲವು ಕಡೆ ಮೂರು ದಿನ, ಕೆಲವು ಕಡೆ ಐದು. ಮದ್ದು ಕೊಡುವವರು ದುಡ್ಡು ಮುಟ್ಟುವುದಿಲ್ಲ, ಗಿಡದ ಹೆಸರು ಹೇಳುವುದಿಲ್ಲ. ಅದು ಒಂದು ಗೌರವದ ಪದ್ಧತಿ, ನಾನು ಅದನ್ನು ಪ್ರೀತಿಯಿಂದಲೇ ನೋಡುತ್ತೇನೆ. ಕಾಮಾಲೆಗೆ ಕೈಗೋ ಹೊಟ್ಟೆಗೋ ಬರೆ ಹಾಕುವ ಪದ್ಧತಿಯೂ ಇದೆ. ಅದನ್ನು ಮಾತ್ರ ಯಾರೂ ಮಾಡಿಸಬೇಡಿ. ಮಗುವಿನ ಮೈ ಸುಡುವುದರಿಂದ ಪಿತ್ತಕೋಶಕ್ಕೆ ಏನೂ ಆಗುವುದಿಲ್ಲ, ಸುಟ್ಟ ಗಾಯ ಕೀವಾಗುತ್ತದೆ ಅಷ್ಟೇ.

ನನ್ನನ್ನು ಗುಣಮಾಡಿದ್ದು ನೆಲನೆಲ್ಲಿಯೇ? ಬಹಳ ವರ್ಷ ಹೌದು ಅಂತಲೇ ನಂಬಿದ್ದೆ.

ಕಾಮಾಲೆ ಅಂದರೆ ಏನು ನೋಡೋಣ. ನಮ್ಮ ರಕ್ತದ ಕೆಂಪು ಕಣಕ್ಕೆ ಸುಮಾರು 120 ದಿನ ಆಯುಸ್ಸು. ಹಳೆಯ ಕಣ ಒಡೆದಾಗ ಅದರಿಂದ ಬಿಲಿರುಬಿನ್ ಅನ್ನುವ ಹಳದಿ ವಸ್ತು ಬರುತ್ತದೆ. ಪಿತ್ತಜನಕಾಂಗ, ಅಂದರೆ ಲಿವರ್, ಅದನ್ನು ಹಿಡಿದು ಪಿತ್ತದ ಜೊತೆ ಕರುಳಿಗೆ ಕಳಿಸುತ್ತದೆ. ಮಲಕ್ಕೆ ಕಂದು ಬಣ್ಣ ಬರುವುದು ಅದರಿಂದಲೇ. ರಕ್ತದಲ್ಲಿ ಬಿಲಿರುಬಿನ್ ಒಂದು ಡೆಸಿಲೀಟರಿಗೆ 1 ಮಿಲಿಗ್ರಾಂ ಆಸುಪಾಸು ಇರಬೇಕು. ಅದು 3ರ ಹತ್ತಿರ ಬಂದಾಗ ಕಣ್ಣಿನ ಬಿಳಿ ಭಾಗ ಹಳದಿಯಾಗಿ ಕಾಣುತ್ತದೆ. ಹಾಗಾಗಿ ಕಾಮಾಲೆ ಅನ್ನುವುದು ಒಂದು ಕಾಯಿಲೆಯ ಹೆಸರಲ್ಲ. ಜ್ವರ ಹೇಗೋ ಹಾಗೆ, ಅದು ಒಂದು ಲಕ್ಷಣ.

ರಕ್ತಕಣಗಳು ಜಾಸ್ತಿ ಒಡೆದರೂ ಕಣ್ಣು ಹಳದಿಯಾಗುತ್ತದೆ. ಲಿವರ್‌ಗೆ ವೈರಸ್ ಬಡಿದರೂ ಆಗುತ್ತದೆ. ಕುಡಿತದಿಂದ ಲಿವರ್ ಹಾಳಾದರೂ ಆಗುತ್ತದೆ. ಪಿತ್ತನಾಳಕ್ಕೆ ಕಲ್ಲೋ ಗಡ್ಡೆಯೋ ಅಡ್ಡ ಬಂದರೂ ಆಗುತ್ತದೆ. ಆಗ ಪಿತ್ತ ಕರುಳಿಗೆ ಇಳಿಯುವುದೇ ಇಲ್ಲ, ಮಲ ಸುಣ್ಣ ಕಲಸಿದ ಮಣ್ಣಿನ ಹಾಗೆ ಬಿಳುಚುತ್ತದೆ, ಮೈಯೆಲ್ಲ ತುರಿಕೆ. ಅದಕ್ಕೆ ಎಷ್ಟು ನೆಲನೆಲ್ಲಿ ಕುಡಿದರೂ ಅಡ್ಡ ನಿಂತ ಕಲ್ಲು ಸರಿಯುವುದಿಲ್ಲ. ನಮ್ಮ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಈ ತಿಂಗಳುಗಳಲ್ಲಿ ಇನ್ನೊಂದಿದೆ, ಇಲಿಜ್ವರ. ಇಲಿಯ ಮೂತ್ರ ಸೇರಿದ ಕೆಸರು ನೀರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿಗೆ, ಕಾಲಿನ ಗಾಯದಿಂದ ಒಳಗೆ ಹೋಗುತ್ತದೆ. ಜೋರು ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು, ಆಮೇಲೆ ಹಳದಿ. ಅದು ಬ್ಯಾಕ್ಟೀರಿಯಾ. ಸರಿಯಾದ ಸಮಯಕ್ಕೆ ಆಂಟಿಬಯಾಟಿಕ್ ಸಿಕ್ಕರೆ ಬದುಕುತ್ತಾರೆ. ಏಳು ದಿನ ಮಜ್ಜಿಗೆಯಲ್ಲಿ ಮದ್ದು ಕುಡಿದು ಕಾದರೆ ಮೂತ್ರಪಿಂಡ ಕೈಕೊಡುತ್ತದೆ.

ಈಗ ನನ್ನ ಬಾಲ್ಯದ ಕಾಮಾಲೆಗೆ ಮರಳೋಣ. ಬಾವಿ ನೀರು, ಮಳೆಗಾಲ, ಮಗು. ಅದು ಹೆಚ್ಚುಕಡಿಮೆ ಖಂಡಿತವಾಗಿ ಹೆಪಟೈಟಿಸ್ ಎ. ಕೊಳಕು ನೀರು, ಆಹಾರದಿಂದ ಬರುವ ವೈರಸ್. ಅದು ಬಂದ ನೂರು ಮಂದಿಯಲ್ಲಿ ತೊಂಬತ್ತೊಂಬತ್ತಕ್ಕೂ ಹೆಚ್ಚು ಜನ ಯಾವ ಮದ್ದೂ ಇಲ್ಲದೆ ಕೆಲವು ವಾರಗಳಲ್ಲಿ ಗುಣವಾಗುತ್ತಾರೆ. ಬೇಕಾದದ್ದು ವಿಶ್ರಾಂತಿ, ನೀರು, ಹೊಟ್ಟೆಗೆ ಸೇರುವ ಊಟ. ನಮ್ಮೂರಿನಲ್ಲಿ ಹೆಚ್ಚಿನ ಮಕ್ಕಳ ಕಾಮಾಲೆ ಇದೇ. ಅಂದರೆ ಅಜ್ಜಿ ಏನು ಕೊಟ್ಟಿದ್ದರೂ ನಾನು ಗುಣವಾಗುತ್ತಿದ್ದೆ. ಈ ಮಾತು ಮೊದಲ ಸಲ ಅರ್ಥವಾದಾಗ ನನಗೆ ಬೇಸರವಾಗಿತ್ತು. ಆಮೇಲೆ ಅನ್ನಿಸಿತು, ಅಜ್ಜಿ ಕೊಟ್ಟದ್ದು ಬರೀ ಗಿಡ ಅಲ್ಲ. ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ಜಿಡ್ಡು ಸೇರದ ಹೊಟ್ಟೆಗೆ ಗಂಜಿ ಮಜ್ಜಿಗೆ ಕೊಟ್ಟರು. ಬಿಸಿನೀರು ಬಿಟ್ಟು ಬೇರೆ ನೀರು ಕೊಡಲಿಲ್ಲ. ಅದೆಲ್ಲ ಸರಿಯಾದ ಆರೈಕೆಯೇ.

ಕಷ್ಟ ಇರುವುದು ಎಲ್ಲಿ ಅಂದರೆ, ತೊಂಬತ್ತೊಂಬತ್ತು ಮಂದಿ ಗುಣವಾಗುವುದನ್ನು ನೋಡಿ ನಾವು ನೂರನೆಯವರಿಗೂ ಅದೇ ಲೋಟ ಹಿಡಿಯುತ್ತೇವೆ. 1955ರ ಕೊನೆಯಲ್ಲಿ ದೆಹಲಿಯಲ್ಲಿ ಯಮುನೆಯ ಪ್ರವಾಹದಿಂದ ಚರಂಡಿ ನೀರು ಕುಡಿಯುವ ನೀರಿಗೆ ಸೇರಿ, ಸುಮಾರು 29,000 ಜನರಿಗೆ ಕಾಮಾಲೆ ಆಯಿತು. ಅದು ಎ ಅಲ್ಲ, ಹೆಪಟೈಟಿಸ್ ಇ ಅಂತ ಆಮೇಲೆ ಬಹಳ ವರ್ಷಗಳ ನಂತರ ಗೊತ್ತಾಯಿತು. ಅದೂ ನೀರಿನಿಂದ ಬರುವುದೇ, ಅದೂ ಸಾಮಾನ್ಯವಾಗಿ ತಾನಾಗಿ ಹೋಗುವುದೇ. ಆದರೆ ಬಸುರಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ ಬಂದರೆ, ಐದರಲ್ಲಿ ಒಬ್ಬರ ಪ್ರಾಣಕ್ಕೆ ಕುತ್ತು ತರಬಹುದು. ಬಸುರಿಯ ಕಣ್ಣು ಹಳದಿಯಾದರೆ ಆ ದಿನವೇ ಆಸ್ಪತ್ರೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಈಗ ನಮ್ಮ ಚಿಕ್ಕಪ್ಪನ ವಿಷಯ ಹೇಳಬೇಕು. ಅವರು ಹೋಗಿ ತುಂಬಾ ವರ್ಷವಾಯಿತು, ಆದರೂ ಈ ಗಿಡ ಕೈಯಲ್ಲಿ ಹಿಡಿದಾಗಲೆಲ್ಲ ಅವರ ನೆನಪಾಗುತ್ತದೆ. ಅವರು ರಕ್ತದಾನ ಮಾಡಲು ಹೋದಾಗ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ ಅಂತ ತಿಳಿಯಿತು. ಆಳು ಗಟ್ಟಿಮುಟ್ಟು, ಕಣ್ಣು ಬಿಳಿ, ಯಾವ ತೊಂದರೆಯೂ ಇಲ್ಲ. ಅದೇ ಸುಮಾರಿಗೆ ಯಾರೋ ಒಂದು ಪತ್ರಿಕೆಯ ತುಣುಕು ತಂದುಕೊಟ್ಟರು. ನೆಲನೆಲ್ಲಿಯಿಂದ ಹೆಪಟೈಟಿಸ್ ಬಿ ಗುಣವಾಗುತ್ತದೆ ಅಂತ ಅದರಲ್ಲಿತ್ತು.

ಸುದ್ದಿ ಸುಳ್ಳಾಗಿರಲಿಲ್ಲ. ಅದರ ಹಿಂದೆ ದೊಡ್ಡ ವಿಜ್ಞಾನಿಗಳಿದ್ದರು. ಬಾರೂಕ್ ಬ್ಲಂಬರ್ಗ್ ಅಂತ ಅಮೆರಿಕದವರು. 1960ರ ದಶಕದಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಒಂದು ವಿಚಿತ್ರ ಪ್ರೋಟೀನ್ ಕಂಡುಹಿಡಿದರು. ಅದೇ ಹೆಪಟೈಟಿಸ್ ಬಿ ವೈರಸ್‌ನ ಹೊರಮೈ ಅಂತ ಆಮೇಲೆ ತಿಳಿಯಿತು. ಲಸಿಕೆಗೂ ಅದೇ ದಾರಿಯಾಯಿತು. 1976ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ಹುಟ್ಟಿದ ದಿನ ಜುಲೈ 28. ಅದನ್ನೇ ಈಗ ವಿಶ್ವ ಹೆಪಟೈಟಿಸ್ ದಿನ ಅಂತ ಆಚರಿಸುತ್ತಾರೆ. ನಾವು ಈ ತಿಂಗಳು ಇಲ್ಲಿ ಸೇರಿರುವುದಕ್ಕೂ ಅದೇ ಕಾರಣ.

ಬ್ಲಂಬರ್ಗ್ ಮತ್ತು ಮದರಾಸಿನ ವಿಜ್ಞಾನಿ ತ್ಯಾಗರಾಜನ್ ಅವರ ತಂಡ ಸೇರಿ ಈ ಗಿಡವನ್ನು ಪರೀಕ್ಷೆಗೆ ತೆಗೆದುಕೊಂಡಿತು. ವೈರಸ್ ಮೈಯಲ್ಲಿ ಉಳಿದುಬಿಟ್ಟಿದ್ದ ಕೆಲವರಿಗೆ ನೆಲನೆಲ್ಲಿಯ ಪುಡಿ, ಕೆಲವರಿಗೆ ಮದ್ದಿಲ್ಲದ ಪುಡಿ, 30 ದಿನ. ಗಿಡ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್‌ನ ಆ ಗುರುತು ಕಾಣದಾಯಿತು. ಇನ್ನೊಂದು ಗುಂಪಿನ 23 ಜನರಲ್ಲಿ ಕಾಣದಾದದ್ದು ಒಬ್ಬರಿಗೆ ಮಾತ್ರ. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸುಮ್ನೆ ಬಿಟ್ಟರೆ ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ ತಾನಾಗಿ ಹೋಗುವ ಗುರುತು ಅದು. ಒಂದು ತಿಂಗಳಲ್ಲಿ ನೂರಕ್ಕೆ 59! ಜಗತ್ತೇ ತಿರುಗಿ ನೋಡಿತು. ನಮ್ಮ ಗದ್ದೆಯ ಬದುವಿನ ಕಳೆಗೆ ಅಂತಹ ಗೌರವ ಸಿಕ್ಕಾಗ ನಾನೂ ತರಗತಿಯಲ್ಲಿ ಹೆಮ್ಮೆಯಿಂದ ಹೇಳಿದ್ದೆ.

ಅದು ಆರಂಭದ ಅಧ್ಯಯನ ಅಂತ ಬರೆದವರೇ ಹೇಳಿದ್ದರು. ಹಾಗಾಗಿ ಬೇರೆಯವರು ಮತ್ತೆ ಮಾಡಿ ನೋಡಿದರು. 1990ರಲ್ಲಿ ಥಾಯ್ಲೆಂಡಿನ ವೈದ್ಯರು ಅದೇ ಗಿಡವನ್ನು ಕೊಟ್ಟ ಫಲಿತಾಂಶ ಪ್ರಕಟಿಸಿದರು. ವೈರಸ್ ಹೋಗಲಿಲ್ಲ. ಆಮೇಲೆ ಚೀನಾದಲ್ಲಿ, ಬೇರೆ ಕಡೆ ಹಲವು ಅಧ್ಯಯನಗಳಾದವು. ಅವೆಲ್ಲವನ್ನೂ ಒಟ್ಟಿಗೆ ಇಟ್ಟು ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ ವರದಿ 2011ರಲ್ಲಿ ಬಂತು. ಹೆಪಟೈಟಿಸ್ ಬಿ ಇರುವವರಿಗೆ ಇದರಿಂದ ಗುಣ ಸಿಗುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ ಅಂತ ಅದು ಹೇಳಿತು. ಮದರಾಸಿನ ಗಿಡ, ಅಲ್ಲಿನ ಮಣ್ಣು, ಕಿತ್ತ ಕಾಲ ಬೇರೆ ಇದ್ದಿರಬಹುದು ಅಂತ ವಾದಿಸುವವರಿದ್ದಾರೆ. ಇರಬಹುದು. ಆದರೆ ನಾವು ನಂಬಿ ಕುಡಿಯುವುದು ನಮ್ಮ ಹಿತ್ತಲಿನ ಗಿಡವನ್ನು.

ಚಿಕ್ಕಪ್ಪನಿಗೆ ಎರಡನೆಯ ಸುದ್ದಿ ಯಾರೂ ತಂದುಕೊಡಲಿಲ್ಲ. ಮೊದಲನೆಯ ತುಣುಕು ಮಾತ್ರ ಅವರ ಅಂಗಿಯ ಜೇಬಿನಲ್ಲಿತ್ತು. ವರ್ಷಗಟ್ಟಲೆ ದಿನಾ ಬೆಳಿಗ್ಗೆ ರಸ ಕುಡಿದರು. ರಜೆಯಲ್ಲಿ ಊರಿಗೆ ಬಂದಾಗ ಗಿಡ ಆರಿಸಿ ಕೊಡುತ್ತಿದ್ದವನು ನಾನೇ. ಸರಿಯಾದ ಗಿಡವನ್ನೇ ಕೊಡುತ್ತಿದ್ದೆ, ಲೆನ್ಸ್ ಹಿಡಿದು ನೋಡಿ. ಮತ್ತೆ ರಕ್ತ ಪರೀಕ್ಷೆ ಮಾಡಿಸಿ ಚಿಕ್ಕಪ್ಪ ಅಂತ ಮಾತ್ರ ಒಮ್ಮೆಯೂ ಹೇಳಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿದಾಗ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಲಿವರ್ ಮುದುಡಿಹೋಗಿತ್ತು. ಐವತ್ತೆರಡು ವರ್ಷಕ್ಕೆ ಹೋದರು.

ಗಿಡ ಅವರನ್ನು ಕೊಲ್ಲಲಿಲ್ಲ. ಗಿಡದಿಂದ ಅವರಿಗೆ ಯಾವ ಕೆಡುಕೂ ಆಗಲಿಲ್ಲ. ಆಗ ಈಗಿನಂತಹ ಮಾತ್ರೆಗಳೂ ಇರಲಿಲ್ಲ, ಅವರು ಉಳಿಯುತ್ತಿದ್ದರೋ ಇಲ್ಲವೋ ನನಗೆ ಹೇಳಲು ಬರುವುದಿಲ್ಲ. ಆದರೆ ಗುಣವಾಗುತ್ತಿದೆ ಅನ್ನುವ ನೆಮ್ಮದಿಯಲ್ಲಿ ಮನೆಯ ಬೇರೆಯವರಿಗೂ ಪರೀಕ್ಷೆ ಮಾಡಿಸಬೇಕು ಅನ್ನುವುದನ್ನು ನಾವೆಲ್ಲ ಮರೆತೆವು. ಹೆಪಟೈಟಿಸ್ ಬಿ ಒಬ್ಬರ ಕಾಯಿಲೆಯಲ್ಲ. ರಕ್ತದಿಂದ, ಗಂಡ ಹೆಂಡತಿಯ ನಡುವೆ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಹೋಗುತ್ತದೆ. ಆರೋಗ್ಯವಂತ ದೊಡ್ಡವರಿಗೆ ಬಂದರೆ ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ. ಹುಟ್ಟುವಾಗಲೇ ಬಂದ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಅದು ಮೈಯಲ್ಲೇ ಉಳಿದುಬಿಡುತ್ತದೆ. ಚಿಕ್ಕಪ್ಪನ ಮಗಳಿಗೂ ಇದೆ ಅಂತ ಗೊತ್ತಾದದ್ದು ಅವಳು ಬಸುರಿಯಾಗಿ ಪರೀಕ್ಷೆಗೆ ಹೋದಾಗ. ಅವಳ ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಸಿಕ್ಕಿತು. ಮಗುವಿನ ರಕ್ತ ಶುದ್ಧವಾಗಿದೆ. ಅವಳು ದಿನಕ್ಕೊಂದು ಮಾತ್ರೆ ನುಂಗುತ್ತಾಳೆ, ಚೆನ್ನಾಗಿದ್ದಾಳೆ. ಈಗ ಆ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುತ್ತದೆ. 2018ರಲ್ಲಿ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಪರೀಕ್ಷೆಯೂ ಮಾತ್ರೆಯೂ ಅದರಲ್ಲಿ ಉಚಿತ. ಅದನ್ನು ಪ್ರಾರಂಭಿಸಿದ್ದೂ ಜುಲೈ 28ರಂದೇ.

ಹಾಗಾದರೆ ನೆಲನೆಲ್ಲಿಯನ್ನು ಕಿತ್ತು ಬಿಸಾಡಬೇಕೇ? ಖಂಡಿತ ಇಲ್ಲ. ಗಿಡದ ಬಗ್ಗೆ ನನಗೆ ಪ್ರೀತಿ ಹೆಚ್ಚಾಗಿದೆ ಹೊರತು ಕಡಿಮೆಯಾಗಿಲ್ಲ. ಚರಕ ಸಂಹಿತೆಯಲ್ಲಿ ಚ್ಯವನಪ್ರಾಶಕ್ಕೆ ಬೇಕಾದವುಗಳ ಪಟ್ಟಿಯಲ್ಲಿ ತಾಮಲಕಿ ಅಂತ ಇದೆ. ಅದನ್ನು ನೆಲನೆಲ್ಲಿ ಅಂತಲೇ ವೈದ್ಯರು ತಿಳಿಯುತ್ತಾರೆ. ಅಣ್ಣ ನೆಲ್ಲಿ, ತಮ್ಮ ನೆಲನೆಲ್ಲಿ, ಎರಡೂ ಒಂದೇ ಲೇಹದಲ್ಲಿ. ಕುತೂಹಲದ ವಿಷಯವೆಂದರೆ ಫಿಲಾಂತಸ್ ಅಮಾರಸ್‌ನ ಮೂಲ ಅಮೆರಿಕ ಖಂಡದ ಬಿಸಿ ಪ್ರದೇಶ ಅಂತ ಹೆಚ್ಚಿನ ಸಸ್ಯವಿಜ್ಞಾನಿಗಳು ಭಾವಿಸುತ್ತಾರೆ. ಹಾಗಿದ್ದರೆ ಚರಕರ ಕಾಲದ ಗಿಡ ಇದರ ತಂಗಿಯರಲ್ಲಿ ಯಾವುದೋ ಒಂದಾಗಿರಬೇಕು. ಹೊಸ ಗಿಡ ಬಂದಾಗ ನಮ್ಮವರು ಮುಖ ನೋಡಿ, ರುಚಿ ನೋಡಿ, ಇದೂ ಅದೇ ಕುಟುಂಬ ಅಂತ ಸೇರಿಸಿಕೊಂಡಿರಬೇಕು. ಎಷ್ಟು ಸೂಕ್ಷ್ಮ ಕಣ್ಣು ಅದು!

ಅಮೆರಿಕ ಖಂಡದಲ್ಲಿ ಇದಕ್ಕೆ ಬೇರೆಯೇ ಹೆಸರು. ಬ್ರೆಜಿಲ್ಲಿನವರು ಇದನ್ನೂ ಇದರ ಹತ್ತಿರದ ಜಾತಿಯನ್ನೂ ‘ಕೆಬ್ರಾ ಪೆದ್ರಾ’ ಅನ್ನುತ್ತಾರೆ, ಅಂದರೆ ಕಲ್ಲು ಒಡೆಯುವುದು. ಮೂತ್ರಪಿಂಡದ ಕಲ್ಲಿಗೆ ಅವರ ಅಜ್ಜಿಯರ ಮದ್ದು. ನಮ್ಮಲ್ಲೂ ಉರಿಮೂತ್ರಕ್ಕೆ ಇದರ ಕಷಾಯ ಇದೆ, ಕಲ್ಲುಸಕ್ಕರೆ ಹಾಕಿ. ನಡುವೆ ಸಮುದ್ರ ಇದ್ದರೂ ಎರಡು ಕಡೆಯ ಅಜ್ಜಿಯರು ಒಂದೇ ಜಾಗಕ್ಕೆ ಕೈಯಿಟ್ಟಿದ್ದಾರೆ. ಬ್ರೆಜಿಲ್ಲಿನ ಪ್ರಯೋಗಾಲಯಗಳಲ್ಲಿ ಆ ಹತ್ತಿರದ ಜಾತಿಯನ್ನು, ಫಿಲಾಂತಸ್ ನಿರೂರಿಯನ್ನು, ನೋಡಿದಾಗ ಅದು ಕಲ್ಲನ್ನು ಒಡೆಯುವುದಿಲ್ಲ, ಆದರೆ ಸಣ್ಣ ಹರಳುಗಳು ಒಂದಕ್ಕೊಂದು ಅಂಟಿ ದೊಡ್ಡದಾಗುವುದನ್ನು ತಡೆಯುತ್ತದೆ ಅಂತ ಕಂಡಿತು. ಇಟಲಿಯಲ್ಲಿ ಯಂತ್ರದಿಂದ ಕಲ್ಲು ಪುಡಿಮಾಡಿಸಿಕೊಂಡ 150 ಜನರ ಮೇಲೆ ಒಂದು ಅಧ್ಯಯನ ಆಯಿತು. ಆಮೇಲೆ ಮೂರು ತಿಂಗಳು ಅದೇ ನಿರೂರಿಯ ಸಾರ ತೆಗೆದುಕೊಂಡವರಲ್ಲಿ, ಮೂತ್ರಪಿಂಡದ ಕೆಳಭಾಗದ ಕಲ್ಲಿನ ಚೂರುಗಳು ಚೆನ್ನಾಗಿ ಹೊರಗೆ ಹೋದವು. ನನ್ನ ಅಭಿಪ್ರಾಯ ಕೇಳಿದರೆ, ಈ ಗಿಡಗಳ ನಿಜವಾದ ಶಕ್ತಿ ಕಾಮಾಲೆಗಿಂತ ಇಲ್ಲಿ ಹೆಚ್ಚಿರಬಹುದು. ಇನ್ನೂ ದೊಡ್ಡ ಅಧ್ಯಯನಗಳು ಆಗಬೇಕು, ಅದೂ ನಮ್ಮ ದೇಶದಲ್ಲೇ ಆಗಬೇಕು.

ಅಡುಗೆಯಲ್ಲೂ ಇದಕ್ಕೆ ಜಾಗ ಇದೆ. ತಂಬುಳಿ ಮಾಡುವವರು ಎಷ್ಟು ಜನ ಇದ್ದೀರಿ? ಹತ್ತು ಕೈ ಮೇಲೆ ಬಂತು. ಚಿಗುರು ಕುಡಿಗಳನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಹಾಕಿ ಅರೆದು, ಮಜ್ಜಿಗೆ ಬೆರೆಸಿದರೆ ಆಯಿತು. ಕಹಿ ಇರುತ್ತದೆ, ಆದರೆ ಮಳೆಗಾಲದ ಬಾಯಿಗೆ ಅದು ಹಿತ. ಮಧ್ಯಾಹ್ನದ ಅನ್ನಕ್ಕೆ ಎರಡು ಸೌಟು.

ಮದ್ದಾಗಿ ತೆಗೆದುಕೊಳ್ಳುವವರಿಗೆ ಕೆಲವು ಮಾತು. ರಸವಾದರೆ 10ರಿಂದ 20 ಮಿಲಿಲೀಟರ್ ಸಾಕು, ದೊಡ್ಡ ಲೋಟ ಬೇಡ. ಇದು ಸಕ್ಕರೆ ಮತ್ತು ರಕ್ತದೊತ್ತಡವನ್ನು ಸ್ವಲ್ಪ ಇಳಿಸುತ್ತದೆ, ಮೂತ್ರ ಹೆಚ್ಚಿಸುತ್ತದೆ. ಸಕ್ಕರೆ ಕಾಯಿಲೆಗೆ, ಬಿಪಿಗೆ, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ನಿಮ್ಮ ಡಾಕ್ಟರಿಗೆ ಹೇಳದೆ ದಿನಾ ಕುಡಿಯಬೇಡಿ. ಬಸುರಿಯರು ಬೇಡ. ಶಸ್ತ್ರಚಿಕಿತ್ಸೆ ಇದ್ದರೆ ಮೊದಲೇ ನಿಲ್ಲಿಸಿ. ಅಡಿಕೆ ತೋಟಗಳಲ್ಲಿ ಈಗ ಕಳೆನಾಶಕ ಹೊಡೆಯುತ್ತಾರೆ, ಅಂತಹ ಕಡೆ ಕೀಳಬೇಡಿ. ರಸ್ತೆ ಬದಿಯದ್ದೂ ಬೇಡ. ಇನ್ನೊಂದು ಬಹಳ ಮುಖ್ಯ. ಗಿಡ ನೆಲಕ್ಕೆ ಅಂಟಿಕೊಂಡಂತೆ ಬೆಳೆಯುತ್ತದೆ, ಮಳೆಗಾಲದಲ್ಲಿ ಕೆಸರು ಸಿಡಿದಿರುತ್ತದೆ. ಕುದಿಸದ ಬಾವಿ ನೀರಿನಲ್ಲಿ ತೊಳೆದು, ಅದೇ ನೀರಿನಲ್ಲಿ ಅರೆದು, ಕಾಯಿಸದ ಹಾಲಿನಲ್ಲಿ ಕುಡಿದರೆ, ಕಾಮಾಲೆ ತರುವ ವೈರಸ್ಸನ್ನೇ ಮದ್ದಿನ ಜೊತೆ ಕುಡಿದ ಹಾಗೆ ಆಗಬಹುದು. ಕುದಿಸಿ ಆರಿಸಿದ ನೀರಲ್ಲಿ ಮೂರು ಸಲ ತೊಳೆಯಿರಿ. ಹಾಲು ಕಾಯಿಸಿಯೇ ಬಳಸಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಣಗಿಸಿ ಇಟ್ಟುಕೊಳ್ಳಬಹುದೇ ಅಂತ ಒಬ್ಬರು ಕೇಳಿದರು. ಇಟ್ಟುಕೊಳ್ಳಬಹುದು, ಬಿಸಿಲಲ್ಲಿ ಅಲ್ಲ, ನೆರಳಲ್ಲಿ, ಬೂಷ್ಟು ಹಿಡಿಯದ ಹಾಗೆ ಎಂದೆ. ಹಿಂದಿನ ಸಾಲಿನಲ್ಲಿ ಒಬ್ಬರು ಹಿರಿಯ ಅಮ್ಮ ಕೂತಿದ್ದರು. ನಲವತ್ತು ವರ್ಷದಿಂದ ಕಾಮಾಲೆಗೆ ಮದ್ದು ಕೊಡುವವರು. ಎಲ್ಲರ ಪ್ರಶ್ನೆ ಮುಗಿಯುವ ತನಕ ಕಾದು ಎದ್ದು ನಿಂತರು.

“ಮೇಷ್ಟ್ರೇ, ನನ್ನ ಬಾಗಿಲಿಗೆ ಬಂದವರನ್ನ ನಾನು ಏನಂತ ಕೇಳ್ಬೇಕು? ಅದನ್ನ ಹೇಳಿ.”

ನಾನು ಹೇಳಿದೆ. “ನಾಲ್ಕು ವಿಷಯ ಕೇಳಿ, ಅಮ್ಮ. ಮಲ ಬಿಳುಚಿದೆಯಾ? ಬಸುರಿಯಾ? ಜೋರು ಜ್ವರ, ಮೀನಖಂಡದ ನೋವು ಇದೆಯಾ? ಮಾತು ತೊದಲುತ್ತಾ, ಹಗಲೆಲ್ಲ ಮಂಪರಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಮದ್ದು ಕೊಡದೆ ಆಸ್ಪತ್ರೆಗೆ ಕಳಿಸಿ. ಉಳಿದವರಿಗೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಬನ್ನಿ ಅನ್ನಿ. ನೀವು ಹೇಳಿದರೆ ಅವರು ಕೇಳುತ್ತಾರೆ, ನಾನು ಹೇಳಿದರೆ ಕೇಳುವುದಿಲ್ಲ.”

ಅವರು ಸ್ವಲ್ಪ ಹೊತ್ತು ಯೋಚಿಸಿದರು. “ಮಲದ ಬಣ್ಣ ನಾನು ಮೊದಲಿಂದ್ಲೂ ಕೇಳ್ತೀನಿ. ಬಿಳಿ ಇದ್ರೆ ನಮ್ಮ ಅತ್ತೆನೂ ಮದ್ದು ಕೊಡ್ತಿರ್ಲಿಲ್ಲ. ಬಸುರಿಗೂ ಕೊಡ್ತಿರ್ಲಿಲ್ಲ. ಆ ಮೀನಖಂಡದ ನೋವಿನ ವಿಷಯ ಮಾತ್ರ ನಂಗೆ ಗೊತ್ತಿರ್ಲಿಲ್ಲ” ಎಂದರು. ಪಕ್ಕದಲ್ಲಿ ಕೂತಿದ್ದ ಮೊಮ್ಮಗಳ ಕೈಗೆ ಪೆನ್ನು ಕೊಟ್ಟು, “ಇಲಿಜ್ವರ ಅಂತ ಬರ್ಕೋ ಮಗಾ” ಅಂದರು. ಅವಳು ಅಂಗೈ ಮೇಲೆ ಬರೆದುಕೊಂಡಳು.